ಡೆತ್ ವ್ಯಾಲಿಯಲ್ಲಿ ನಿಧಾನದ ಡ್ರೈವ್: ನಾನು ಅನುಸರಿಸುವ ಕ್ರಮ

ಮಕ್ಕಳ ಮನೆಗೆಂದು ಉಡುಪಿ, ಮಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವವರು ಅಲ್ಲಿನ ಮರುಭೂಮಿ ನ್ಯಾಷನಲ್ ಪಾರ್ಕ್ ಡೆತ್ ವ್ಯಾಲಿಯನ್ನು ನೋಡಲೇಬೇಕು, ಆದರೆ ನವೆಂಬರ್‌ನಿಂದ ಮಾರ್ಚ್ ಒಳಗೆ. ಅಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ನಮ್ಮೂರ ಸೆಕೆಗೆ ಅಂಗಿ ಒದ್ದೆಯಾಗಿ ಎಚ್ಚರಿಸುತ್ತದೆ. ಅಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ, ಮೈಯ ನೀರು ಇಳಿದದ್ದು ತಿಳಿಯುವುದೇ ಇಲ್ಲ. ತಲೆಗೆ ನಾಲ್ಕು ಲೀಟರ್ ನೀರು, ಉಪ್ಪಿನ ತಿಂಡಿ ಕಾರಿನಲ್ಲಿರಲಿ. ಬಾಯಾರುವ ಮೊದಲೇ ಕುಡಿಯುತ್ತಿರಿ.

ಸೂರ್ಯೋದಯಕ್ಕೆ ಜಬ್ರಿಸ್ಕಿ ಪಾಯಿಂಟ್ ಎಂಬ ವೀಕ್ಷಣಾ ಸ್ಥಳ. ಅಲ್ಲಿಂದ ಇಳಿದು ಫರ್ನೇಸ್ ಕ್ರೀಕ್‌ನಿಂದ ದಕ್ಷಿಣಕ್ಕೆ ಸುಮಾರು 27 ಕಿ.ಮೀ. ಹೋದರೆ ಬ್ಯಾಡ್‌ವಾಟರ್ ಎಂಬ ಉಪ್ಪಿನ ಬಯಲು, ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ. ಕಾರ್ ನಿಲ್ಲಿಸಿ ಹಿಂದಿನ ಬಂಡೆಯತ್ತ ತಲೆ ಎತ್ತಿ: ‘ಸೀ ಲೆವೆಲ್’ ಎಂಬ ಬಿಳಿ ಫಲಕ ಅಷ್ಟು ಎತ್ತರದಲ್ಲಿ ಕಾಣುತ್ತದೆ. ಕಡಲ ಬದಿಯಲ್ಲೇ ಬೆಳೆದವರಿಗೆ ಆ ನೋಟ ಮೈ ಜುಮ್ಮೆನಿಸುತ್ತದೆ.

ಹೋಗುವಾಗಲೇ ಸಿಗುವ ಆರ್ಟಿಸ್ಟ್ಸ್ ಡ್ರೈವ್‌ಗೆ ಆಗ ತಿರುಗಬೇಡಿ. 9 ಮೈಲಿಯ ಈ ರಸ್ತೆ ದಕ್ಷಿಣದಿಂದ ಉತ್ತರಕ್ಕೆ ಒನ್‌ವೇ, ಹಾಗಾಗಿ ವಾಪಸ್ ಬರುವಾಗ ಹೊಕ್ಕರೆ ಸುತ್ತು ಉಳಿಯುತ್ತದೆ. ಅಷ್ಟೇ ಅಲ್ಲ, ಗುಡ್ಡದ ಇಳಿಜಾರು ಪಶ್ಚಿಮಕ್ಕಿದೆ. ಬೆಳಿಗ್ಗೆ ನೆರಳಿನಲ್ಲಿ ಮಂಕಾಗಿರುವ ಕೆಂಪು, ಹಸಿರು, ನೇರಳೆ ಮಣ್ಣು ಇಳಿಹೊತ್ತಿನ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ನಡುವೆ ಆರ್ಟಿಸ್ಟ್ಸ್ ಪ್ಯಾಲೆಟ್‌ನಲ್ಲಿ ಅರ್ಧ ಗಂಟೆಯಾದರೂ ಇರಿ. ರಸ್ತೆ ಧುತ್ತೆಂದು ಇಳಿದು ಏರುತ್ತದೆ, ನಾನು ಗಂಟೆಗೆ 40 ಕಿ.ಮೀ. ಮೀರುವುದಿಲ್ಲ, ಹಿಂದಿನ ಸೀಟಿನ ಹಿರಿಯರ ಸೊಂಟಕ್ಕೂ ಅದೇ ಒಳ್ಳೆಯದು. 25 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವಿಲ್ಲ.

ಹೊತ್ತಿದ್ದರೆ 1,669 ಮೀಟರ್ ಎತ್ತರದ ಡಾಂಟೆಸ್ ವ್ಯೂ. ಮೇಲೆ ಚಳಿ, ಸ್ವೆಟರ್ ಬೇಕು. ಇಳಿಯುವಾಗ ಚಾರ್ಮಾಡಿ ಘಾಟಿಯ ಕ್ರಮವೇ: ಬ್ರೇಕ್ ಒತ್ತಿಯೇ ಇಟ್ಟರೆ ಕಾದು ಹಿಡಿತ ಬಿಡುತ್ತದೆ. ಆಟೋಮ್ಯಾಟಿಕ್ ಕಾರಾದರೂ ಲೋ ಗೇರ್‌ಗೆ ಹಾಕಿ.

ಅಲ್ಲಿ ಬಲಬದಿಯ ಚಾಲನೆ. ದಟ್ಟಣೆ ಇರುವಲ್ಲಿ ಮುಂದಿನ ಕಾರು ದಾರಿ ತೋರಿಸುತ್ತದೆ. ಫೋಟೊಗೆಂದು ನಿಂತು ಖಾಲಿ ರಸ್ತೆಗೆ ಮರಳುವಾಗಲೇ ನಮ್ಮ ಕೈ ಎಡಕ್ಕೆ ಎಳೆಯುವುದು. ಪಕ್ಕದಲ್ಲಿ ಕೂತವರು ಪ್ರತಿ ಸಲ ‘ಬಲಕ್ಕೆ’ ಎನ್ನಲಿ.

ಪಾರ್ಕ್ ಒಳಗೆ ಪೆಟ್ರೋಲ್ ದುಬಾರಿ. ಲಾಸ್ ವೇಗಸ್ ಕಡೆಯಿಂದಾದರೆ ಪಹ್ರಂಪ್‌ನಲ್ಲಿ ಟ್ಯಾಂಕ್ ತುಂಬಿಸಿ. ಹೆಚ್ಚಿನ ಕಡೆ ಸಿಗ್ನಲ್ ಇಲ್ಲ, ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮಳೆ ಬಂದರೆ ದಿಢೀರ್ ನೆರೆಗೆ ರಸ್ತೆ ಕೊಚ್ಚಿಹೋಗುವುದುಂಟು. ಯಾವುದು ತೆರೆದಿದೆ ಎಂದು ಹಿಂದಿನ ರಾತ್ರಿಯೇ ಪಾರ್ಕ್‌ನ ವೆಬ್‌ಸೈಟ್‌ನಲ್ಲಿ ನೋಡಿ ಹೊರಡಿ.