ಸೊಂಟದ ಕೀಲಿನ ಕೋನ ಅಳೆಯಲು ನಾನು ಕಲಿತದ್ದು

ನಾನು ಮೂಳೆ ಶಸ್ತ್ರಚಿಕಿತ್ಸೆಯ ತರಬೇತಿಯಲ್ಲಿದ್ದಾಗ ಸೊಂಟದ ಕೀಲಿಗೆ ನಮಗೆ ಗೊತ್ತಿದ್ದ ಕೆಲಸ ಎರಡೇ: ಮುರಿದಿದ್ದರೆ ಜೋಡಿಸುವುದು, ಸವೆದಿದ್ದರೆ ಬದಲಿಸುವುದು. ತೊಡೆಸಂದಿನ ನೋವೆಂದು ಬರುತ್ತಿದ್ದ ಇಪ್ಪತ್ತು, ಮೂವತ್ತರ ವಯಸ್ಸಿನವರ ಎಕ್ಸ್-ರೇ ನೋಡಿ ‘ಏನೂ ತೊಂದರೆಯಿಲ್ಲ’ ಎಂದು ಬರೆದು ಕಳುಹಿಸಿದವರಲ್ಲಿ ನಾನೂ ಒಬ್ಬ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿದ್ದ ಮೂಳೆ ಶಸ್ತ್ರಚಿಕಿತ್ಸಕ ರೈನ್‌ಹೋಲ್ಡ್ ಗಾಂಜ್ ಮತ್ತು ಅವರ ಸಂಗಡಿಗರ ಪ್ರಬಂಧಗಳನ್ನು ಒಂದೊಂದಾಗಿ ಓದತೊಡಗಿದ ಮೇಲೆಯೇ ಆ ಷರಾ ಎಷ್ಟು ಅವಸರದ್ದೆಂದು ಅರಿವಾಯಿತು.

ಸೊಂಟದ ಮೂಳೆಯಲ್ಲಿ ತೊಡೆಮೂಳೆಯ ದುಂಡು ತಲೆ ಕೂರುವ ಬಟ್ಟಲು ಆಳವಿಲ್ಲದೆ ಆ ತಲೆಯನ್ನು ಪೂರ್ತಿ ಮುಚ್ಚದಿದ್ದರೆ, ಬಟ್ಟಲಿನ ಸುತ್ತ ಮೂಳೆಯನ್ನು ಕತ್ತರಿಸಿ, ಹಿಂಬದಿಯ ಆಧಾರದ ಮೂಳೆಕಂಬವನ್ನು ಮಾತ್ರ ಹಾಗೆಯೇ ಉಳಿಸಿ, ಬಟ್ಟಲನ್ನೇ ತಿರುಗಿಸಿ ಕೂರಿಸುವ ವಿಧಾನವನ್ನು ಅವರು 1988ರಲ್ಲಿ ಪ್ರಕಟಿಸಿದರು. ಹಾಗೆ ತಿರುಗಿಸಿದ ಕೆಲವರಲ್ಲಿ ಬಟ್ಟಲಿನ ಮುಂದಂಚು ತೊಡೆಮೂಳೆಯ ಕುತ್ತಿಗೆಗೆ (ತಲೆಯ ಕೆಳಗಿನ ಸಪೂರ ಭಾಗಕ್ಕೆ) ತಾಗಿ ಹೊಸ ನೋವು ಹುಟ್ಟುತ್ತದೆಂಬುದನ್ನು 1999ರಲ್ಲಿ ಅವರ ತಂಡವೇ ವರದಿ ಮಾಡಿತು. ತನ್ನ ಶಸ್ತ್ರಚಿಕಿತ್ಸೆಯ ಕುಂದನ್ನು ತಾನೇ ಅಚ್ಚಿಗೆ ಕೊಟ್ಟ ಆ ಬರಹವೇ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಶಸ್ತ್ರಚಿಕಿತ್ಸೆಯೇ ಆಗದವರಲ್ಲೂ ಮೂಳೆಯ ಆಕಾರದಿಂದ ಇಂಥ ತಾಕಾಟ ನಡೆದು ಕೀಲಿನೊಳಗಿನ ನುಣುಪಾದ ಮೃದ್ವಸ್ಥಿ ಹಾಳಾಗುತ್ತದೆ, ಮುಂದೆ ಸಂಧಿವಾತಕ್ಕೆ ಅದೇ ದಾರಿಯಾಗುತ್ತದೆ ಎಂಬ ವಾದ ವಿಸ್ತಾರವಾಗಿ ಬಂದದ್ದು 2003ರಲ್ಲಿ. ಕಡಿಮೆ ತಿರುಗಿಸಿದರೆ ಕೀಲು ಸವೆಯುತ್ತದೆ, ಹೆಚ್ಚು ತಿರುಗಿಸಿದರೆ ತಾಗುತ್ತದೆ. ಹಾಗಾದರೆ ಎಲ್ಲವೂ ಕೆಲವೇ ಡಿಗ್ರಿಗಳ ಮೇಲೆ ನಿಂತಿದೆ; ಆ ಡಿಗ್ರಿಗಳನ್ನು ನಾನು ಸರಿಯಾಗಿ ಅಳೆಯುತ್ತಿದ್ದೇನೆಯೇ?

ಈ ಅನುಮಾನದಿಂದಲೇ ನನ್ನ ಸಣ್ಣ ಅಧ್ಯಯನ ಶುರುವಾಯಿತು. ಹಳೆಯ ಎಕ್ಸ್-ರೇಗಳನ್ನು ತೆಗೆದು, ಸ್ವೀಡನ್ನಿನ ವೈದ್ಯ ವೀಬರ್ಗ್ 1939ರಲ್ಲಿ ವಿವರಿಸಿದ, ಬಟ್ಟಲು ತಲೆಯನ್ನು ಎಷ್ಟು ಮುಚ್ಚಿದೆಯೆಂದು ತೋರಿಸುವ ಸೆಂಟರ್-ಎಡ್ಜ್ ಕೋನವನ್ನು ಅಳೆಯುತ್ತ ಹೋದೆ. ಎಡಬಲ ತೊಡೆಮೂಳೆಗಳ ತಲೆಗಳ ಕೇಂದ್ರಗಳನ್ನು ಸೇರಿಸುವ ಗೆರೆಗೆ ಲಂಬವಾಗಿ ಒಂದು ರೇಖೆ, ಕೇಂದ್ರದಿಂದ ಬಟ್ಟಲಿನ ಹೊರ ಅಂಚಿಗೆ ಇನ್ನೊಂದು. ನಡುವಿನ ಕೋನ 25 ಡಿಗ್ರಿಗಿಂತ ಹೆಚ್ಚಿದ್ದರೆ ಸಹಜ, 20ಕ್ಕಿಂತ ಕಡಿಮೆಯಿದ್ದರೆ ಡಿಸ್ಪ್ಲೇಸಿಯಾ (ಬಟ್ಟಲು ಸರಿಯಾಗಿ ಬೆಳೆಯದ ಸ್ಥಿತಿ) ಎಂಬುದು ರೂಢಿ. ನಾಲ್ಕು ವಾರ ಬಿಟ್ಟು, ಹಿಂದಿನ ಅಂಕಿಗಳನ್ನು ನೋಡದೆ, ಅವೇ ಚಿತ್ರಗಳನ್ನು ಮತ್ತೆ ಅಳೆದೆ. ಒಂದು ಚಿತ್ರದಲ್ಲಿ ಮೊದಲು 24 ಬಂದಿತ್ತು, ಈಗ 19. ರೋಗಿಯೂ ಅದೇ, ಕೀಲೂ ಅದೇ, ಕಣ್ಣೂ ನನ್ನದೇ.

ಇಡೀ ಸಂಜೆ ಆ ಒಂದೇ ಚಿತ್ರದ ಮುಂದೆ ಕುಳಿತೆ. ಬಟ್ಟಲಿನ ಛಾವಣಿಯಲ್ಲಿ ಭಾರ ಹೊರುವ ದಟ್ಟ ಬಿಳಿಯ ಕಮಾನೊಂದು ಕಾಣುತ್ತದೆ. ಫ್ರೆಂಚರು ಅದನ್ನು ‘ಹುಬ್ಬು’ ಎಂದೇ ಕರೆದಿದ್ದಾರೆ. ಆ ಹುಬ್ಬು ಮುಗಿದ ಮೇಲೂ ಮಸುಕಾದ ಮೂಳೆಯ ಅಂಚು ಸ್ವಲ್ಪ ಹೊರಕ್ಕೆ ಚಾಚಿತ್ತು. ಮೊದಲ ಸಲ ಪೆನ್ಸಿಲ್ ಇಟ್ಟದ್ದು ಆ ಮಸುಕಿನ ತುದಿಗೆ, ಎರಡನೆಯ ಸಲ ಹುಬ್ಬಿನ ಕೊನೆಗೆ. ‘ಹೊರ ಅಂಚು’ ಎಂಬ ಎರಡು ಪದಗಳಲ್ಲಿ ಇಷ್ಟು ಜಾಗವಿದೆಯೆಂದು ನಾನು ಎಣಿಸಿರಲಿಲ್ಲ.

ಆಮೇಲೆ ಎರಡೂ ಬಿಂದುಗಳನ್ನು ಬೇರೆಬೇರೆಯಾಗಿ ಅಳೆದು ದಾಖಲಿಸಿದೆ. ಬಾಲಮೂಳೆಯ ತುದಿಯು ಸೊಂಟದ ಮೂಳೆಗಳು ಮುಂದೆ ಕೂಡುವ ಪ್ಯೂಬಿಕ್ ಸಂದಿಯ ನೇರಕ್ಕೆ ಬಾರದ ಚಿತ್ರಗಳಲ್ಲಿ ರೋಗಿ ಪಕ್ಕಕ್ಕೆ ಹೊರಳಿರುತ್ತಾರಾದ್ದರಿಂದ ಅವನ್ನು ಕೈಬಿಟ್ಟೆ. ನನ್ನ ಅಂಕಿಗಳನ್ನು ತೋರಿಸದೆ ಸಹೋದ್ಯೋಗಿಯೊಬ್ಬರಿಂದಲೂ ಅಳೆಸಿದೆ. ಉಳಿದ ಚಿತ್ರಗಳು ಕಡಿಮೆಯಾದವು, ಪ್ರಬಂಧ ತೆಳ್ಳಗಾಯಿತು. ‘ಇಷ್ಟೊಂದು ಚಿತ್ರಗಳನ್ನು ಏಕೆ ಬಿಟ್ಟಿರಿ?’ ಎಂದು ಪರಿಶೀಲಕರು ಕೇಳಿದಾಗ, 24 ಮತ್ತು 19 ಎರಡನ್ನೂ ಗುರುತು ಹಾಕಿದ ಆ ಚಿತ್ರವನ್ನೇ ಉತ್ತರದ ಜೊತೆ ಲಗತ್ತಿಸಿದೆ.