ಡೇರಿ ಕಟ್ಟೆಯಲ್ಲಿ ನಡೆದ ಅಹವಾಲು: ಶಾಲೆ ತಿರುವಿಗೆ ಹಂಪ್ ಹಾಕಿಸಿದ ನನ್ನ ಅನುಭವ

ಗ್ರಾಮಸಭೆಯಲ್ಲಿ ರಸ್ತೆ ಸುರಕ್ಷತೆಯ ವಿಷಯ ಎತ್ತಿದರೆ ಏನಾಗುತ್ತದೆ ಎಂಬುದು ಪಂಚಾಯಿತಿ ಸದಸ್ಯರಿಗೆಲ್ಲ ಗೊತ್ತು. ಆಶ್ರಯ ಮನೆ, ಕುಡಿಯುವ ನೀರು, ಬಗರ್‌ಹುಕುಂ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಉಳಿದವರು ಹತ್ತು ಹನ್ನೆರಡು ಮಂದಿ; ರಸ್ತೆ ದಾಟುವ ಮಕ್ಕಳ ತಾಯಂದಿರು ಅವರಲ್ಲಿ ಒಬ್ಬರೂ ಇಲ್ಲ. ಹೊಸನಗರ ತಾಲ್ಲೂಕಿನ ನಮ್ಮೂರಿನ ಶಾಲೆ ತಿರುವಿನ ಕೆಲಸ ಕೈಗೆತ್ತಿಕೊಂಡಾಗ, ‘ಠರಾವು ಬರೆಸಿ ಕಳಿಸು, ಜನರನ್ನು ಕೇಳುತ್ತಾ ಕೂತರೆ ಕೆಲಸ ಆಗುವುದಿಲ್ಲ’ ಎಂದು ಜೊತೆಯ ಸದಸ್ಯರೇ ಹೇಳಿದರು. ನಾನು ಒಪ್ಪಲಿಲ್ಲ. ಕೇಳದೆ ಹಾಕಿದ ಹಂಪನ್ನು ರಾತ್ರೋರಾತ್ರಿ ಹಾರೆ ಹಿಡಿದು ಕಿತ್ತದ್ದನ್ನು ಪಕ್ಕದೂರಿನಲ್ಲಿ ನೋಡಿದ್ದೆ.

ನಮ್ಮದು ಜಿಲ್ಲಾ ಮುಖ್ಯ ರಸ್ತೆ. ಹಂಪ್ ಕೇಳಿ ಲೋಕೋಪಯೋಗಿ ಇಲಾಖೆಗೆ ಕೊಟ್ಟ ಮೊದಲ ಅರ್ಜಿಗೆ ಬಂದ ಉತ್ತರ, ‘ಈ ಸ್ಥಳ ಬ್ಲ್ಯಾಕ್ ಸ್ಪಾಟ್ ಅಲ್ಲ.’ ಬ್ಲ್ಯಾಕ್ ಸ್ಪಾಟ್, ಅಂದರೆ ಅಪಘಾತ ಹೆಚ್ಚಿರುವ ಜಾಗ ಎನಿಸಿಕೊಳ್ಳಲು ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತವಾಗಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ರಾಷ್ಟ್ರೀಯ ಹೆದ್ದಾರಿಗೆಂದು ಮಾಡಿದ ಆ ಅಳತೆಯನ್ನು ಹಳ್ಳಿಯ ಶಾಲೆಯ ಮುಂದೆ ಹಿಡಿಯುವುದೆಂದರೆ ಮಕ್ಕಳು ಬೀಳುವವರೆಗೆ ಕಾಯಿರಿ ಎಂದ ಹಾಗೆ. ಈ ಮಾತಿಗೆ ನನಗೆ ಇಂದಿಗೂ ಸಿಟ್ಟಿದೆ.

ಹಾಗಾಗಿ ಲೆಕ್ಕವನ್ನು ನಾವೇ ಹಾಕಿದೆವು. ರಸ್ತೆ ಅಂಚಿನಲ್ಲಿ 50 ಮೀಟರ್ ಅಂತರಕ್ಕೆ ಎರಡು ಸುಣ್ಣದ ಗೆರೆ, ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್. ಮೂರು ಸೆಕೆಂಡಿನಲ್ಲಿ ದಾಟಿದರೆ ಗಂಟೆಗೆ 60 ಕಿಲೋಮೀಟರ್, ನಾಲ್ಕಾದರೆ 45, ಆರಾದರೆ 30. ಶಾಲೆ ಬಿಡುವ ಹೊತ್ತಿನಲ್ಲಿ ಪಿಕಪ್ ಗಾಡಿಗಳು ಹೆಚ್ಚುಕಡಿಮೆ ಮೂರೂವರೆ ಸೆಕೆಂಡಿಗೇ ಹೋಗುತ್ತಿದ್ದವು. ರಸ್ತೆಗಳ ಮಾನದಂಡ ರೂಪಿಸುವ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಲೆಕ್ಕದಲ್ಲಿ 50ರ ವೇಗದ ಗಾಡಿ ನಿಲ್ಲಲು ಮುಂದಿನ 60 ಮೀಟರ್ ರಸ್ತೆ ಕಾಣಬೇಕು, 60ಕ್ಕೆ 80 ಮೀಟರ್. ನಮ್ಮ ತಿರುವಿನಲ್ಲಿ ಟೇಪ್ ಹಿಡಿದಾಗ ಸಿಕ್ಕಿದ್ದು ನಲವತ್ತರ ಆಸುಪಾಸು. ಲಂಟಾನ ಸವರಿದ ಮೇಲೆ ಹತ್ತು ಹನ್ನೆರಡು ಮೀಟರ್ ಹೆಚ್ಚಾಯಿತು. ಅಕೇಶಿಯಾ ಕೊಂಬೆಗೆ ಅರಣ್ಯದವರ ಅನುಮತಿ ಬೇಕಾದ್ದರಿಂದ ಅದನ್ನು ಮುಟ್ಟಲಿಲ್ಲ.

ಜನರನ್ನು ಕೇಳುವ ಕೆಲಸದಲ್ಲಿ ದುಡ್ಡು ಪೋಲಾದದ್ದು ಹೀಗೆ. ಮುನ್ನೂರು ಪ್ರಶ್ನಾವಳಿ ಅಚ್ಚು ಹಾಕಿಸಿದ್ದಕ್ಕೆ ಸಾವಿರದಷ್ಟು ಖರ್ಚಾಯಿತು. ತಿರುಗಿ ಬಂದದ್ದು ನಲವತ್ತು. ಆಟೋಗೆ ಮೈಕ್ ಕಟ್ಟಿ ಸಾರಿಸಿದ್ದಕ್ಕೆ ಒಂದೂವರೆ ಸಾವಿರ. ಜನ ಬಂದರು, ಮಾತೆಲ್ಲ ಬೋರ್‌ವೆಲ್ ಮೋಟಾರಿನ ಕಡೆಗೆ ಹೋಯಿತು. ಎಂಜಿನಿಯರ್ ಕೊಟ್ಟ ನಕ್ಷೆಯನ್ನು ಗೋಡೆಗೆ ಅಂಟಿಸಿದೆವು. ಅದರಲ್ಲಿ ತಮ್ಮ ಮನೆ ಎಲ್ಲಿದೆ ಎಂಬುದೇ ಯಾರಿಗೂ ತಿಳಿಯಲಿಲ್ಲ.

ದಾರಿ ಸಿಕ್ಕಿದ್ದು ಹಾಲಿನ ಡೇರಿಯಲ್ಲಿ. ಬೆಳಿಗ್ಗೆ ಆರೂವರೆಯಿಂದ ಏಳೂವರೆ, ಸಂಜೆ ಮತ್ತೆ ಅಷ್ಟೇ ಹೊತ್ತು, ಊರಿನ ಅರ್ಧ ಮನೆಯವರು ಕ್ಯಾನು ಹಿಡಿದು ಅಲ್ಲಿ ಬಂದೇ ಬರುತ್ತಾರೆ. ಹೆಂಗಸರೇ ಹೆಚ್ಚು. ಫ್ಯಾಟ್ ನೋಡಿ ಚೀಟಿ ಕೊಡುವವರೆಗೆ ನಿಲ್ಲಲೇಬೇಕು. ನಾನು ಅಲ್ಲೇ ನಿಂತೆ. ಯಾವ ಪ್ರಶ್ನೆಯಿಂದ ಮಾತು ತೆಗೆದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಊರಿಂದ ಊರಿಗೆ ಬೇರೆ, ಮುಖತಃ ಕೇಳಿದವರಿಗೆ ಹೇಳುತ್ತೇನೆ. ಆದರೆ ‘ಹಂಪ್ ಬೇಕೇ ಬೇಡವೇ’ ಎಂದು ಮಾತ್ರ ಕೇಳಬೇಡಿ.

ವಿರೋಧ ಬಂದದ್ದು ಅಡಿಕೆ ಟ್ರ್ಯಾಕ್ಟರಿನವರಿಂದ ಮತ್ತು ಬೆನ್ನು ನೋವಿನವರಿಂದ. ಅವರ ಮನಸ್ಸಿನಲ್ಲಿದ್ದದ್ದು ಗಿಡ್ಡ, ಕಡಿದಾದ ಹಂಪ್. ಐಆರ್‌ಸಿಯ ಹಂಪ್ ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಬಾಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಬಡಗಿಯಿಂದ ಪ್ಲೈವುಡ್‌ನಲ್ಲಿ ಅದೇ ಕಮಾನಿನ ಅಚ್ಚು ಕೊಯ್ಯಿಸಿದೆ. ಎರಡು ತುಂಡು, ನಡುವೆ ಬೋಲ್ಟು, ಎಲ್ಲ ಸೇರಿ ಎರಡು ಸಾವಿರದ ಒಳಗೆ. ಡೇರಿಯ ನೆಲದ ಮೇಲೆ ಇಟ್ಟಾಗ ಟ್ರ್ಯಾಕ್ಟರಿನವರು ಕುಕ್ಕರುಗಾಲಲ್ಲಿ ಕೂತು ತುದಿಯಿಂದ ತುದಿಗೆ ಕೈ ಸವರಿ ನೋಡಿದರು. ‘ಇದಾದರೆ ಹಾಕಿ’ ಎಂದರು. ಮುಂದಿನ ಗ್ರಾಮಸಭೆಯಲ್ಲಿ ಠರಾವಿಗೆ ಅವರೇ ಮೊದಲು ಕೈ ಎತ್ತಿದರು.

ಬಸ್ ನಿಲ್ದಾಣವನ್ನು ತಿರುವಿನಿಂದ ಆಚೆಗೆ ಸರಿಸುವ ವಿಷಯ ಹೆಚ್ಚು ಹಟ ಹಿಡಿಯಿತು, ಅಂಗಡಿ ವ್ಯಾಪಾರದ ಪ್ರಶ್ನೆ. ಪ್ರಯೋಗಕ್ಕೆಂದು ಹೊಸ ಜಾಗದಲ್ಲಿ ಬೆಂಚು ಇಟ್ಟು ಒಂದಷ್ಟು ದಿನ ನಡೆಸಿದೆವು. ಬಸ್ ಏಜೆಂಟರನ್ನು ಒಪ್ಪಿಸಿದ ಬಗೆಯನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಂದಾಜು ಪಟ್ಟಿ ಡಿಸೆಂಬರ್ ಒಳಗೆ ಸಹಿಯಾಗದಿದ್ದರೆ ಮಲೆನಾಡಿನಲ್ಲಿ ಆ ವರ್ಷದ ಡಾಂಬರು ಕೆಲಸದ ಆಸೆ ಬಿಡಬೇಕು. ಮಾರ್ಚ್ ಬಿಲ್ಲಿನ ಗಡಿಬಿಡಿ ಮುಗಿಯುವಷ್ಟರಲ್ಲಿ ಮಳೆ ಬರುತ್ತದೆ. ಹಂಪ್, ಜೀಬ್ರಾ ಪಟ್ಟೆ, ಫಲಕ ಎಲ್ಲ ಸೇರಿ ಇಲಾಖೆಗೆ ನಾಲ್ಕು ಲಕ್ಷದ ಹತ್ತಿರ ಬಿದ್ದಿರಬೇಕು. ಸೋಲಾರ್ ದೀಪಕ್ಕೆ ನಾವು 15ನೇ ಹಣಕಾಸು ಆಯೋಗದ ಅನಿರ್ಬಂಧಿತ ಅನುದಾನ, ಅಂದರೆ ಪಂಚಾಯಿತಿ ತನ್ನ ಅಗತ್ಯಕ್ಕೆ ಬಳಸಬಹುದಾದ ಹಣ ಹಾಕಿದೆವು. ಗುತ್ತಿಗೆದಾರರು ಮೊದಲ ಹಂಪನ್ನು ಎರಡು ಮೀಟರಿಗೇ ಮುಗಿಸಿದ್ದರು. ಅಚ್ಚನ್ನು ತಂದು ಮೇಲೆ ಇಟ್ಟೆ. ಎರಡೂ ಬದಿಯಲ್ಲಿ ಅಂಗೈ ಹೋಗುವಷ್ಟು ಸಂದು. ನೆರೆದ ಊರವರ ಎದುರಿಗೇ ಕೀಳಿಸಿ ಮತ್ತೆ ಹಾಕಿಸಿದೆವು. ಠರಾವಿನ ಬಲವೊಂದರಿಂದಲೇ ಇದು ಆಗುತ್ತಿರಲಿಲ್ಲ.

ನಡುವೆ, ಗಾಡಿಯ ದೀಪಕ್ಕೆ ಹೊಳೆಯುವ ಪ್ರತಿಫಲನ ಪಟ್ಟಿಯ ಪ್ರಯೋಗವನ್ನೂ ಮಾಡಿದೆ. ತಿರುವಿನ ಅಂಚಿಗೆ ಅಡಿಕೆ ದಬ್ಬೆ ನೆಟ್ಟು ಸುತ್ತಿದ್ದು ಆಷಾಢದ ಹೊತ್ತಿಗೆ ಪಾಚಿ ಹಿಡಿದು ಮಂಕಾಯಿತು. ದನದ ಕೋಡಿಗೆ ಅಂಟಿಸಿದ್ದು ಮರಕ್ಕೆ ಉಜ್ಜಿ ಉದುರಿತು; ಕೊರಳ ಪಟ್ಟಿಗೆ ಹೊಲಿಸಿದ್ದು ಮಾತ್ರ ಮಳೆಗಾಲ ಪೂರ್ತಿ ಉಳಿಯಿತು. ರಾತ್ರಿ ದನ ರಸ್ತೆಯಲ್ಲಿ ಮಲಗುವ ಊರಿನವರು ಇದನ್ನು ಮಾಡಿ ನೋಡಬೇಕು. ರಸ್ತೆ ಪಟ್ಟೆಯ ಬಣ್ಣಕ್ಕೆ, ಕಾಯಿಸಿ ಹಾಕುವ ಥರ್ಮೋಪ್ಲಾಸ್ಟಿಕ್ಕೇ ಸರಿ. ಸಾದಾ ಬಣ್ಣ ನಮ್ಮ ಒಂದು ಮಳೆಗಾಲಕ್ಕೆ ತಡೆಯುವುದಿಲ್ಲ.

ಈಗ ಅದೇ 50 ಮೀಟರಿಗೆ ಪಿಕಪ್‌ಗಳು ಆರು ಸೆಕೆಂಡಿನ ಹತ್ತಿರ ತೆಗೆದುಕೊಳ್ಳುತ್ತವೆ. ಕೆಳಗಿನ ಹಂಪಿನ ಬದಿಗೆ ಚರಂಡಿ ಆಗಬೇಕು, ಅಲ್ಲಿ ನೀರು ನಿಂತು ಡಾಂಬರು ಏಳುತ್ತಿದೆ. ಹದಿನೈದು ಹದಿನಾರು ಸಾವಿರದ ಕೆಲಸ. ಮುಂದಿನ ಕ್ರಿಯಾಯೋಜನೆಗೆ ಅದನ್ನು ಸೇರಿಸಲು ಕೊಟ್ಟಿದ್ದೇನೆ.