ದವಡೆ ಸೊಟ್ಟಗಾದ ಕ್ರೆಸ್ಟೆಡ್ ಗೆಕೊ: ಉಣಿಸುವ ಬಗೆ, ಆರೈಕೆ

ಕ್ರೆಸ್ಟೆಡ್ ಗೆಕೊ ನೆಕ್ಕಿ ತಿನ್ನಬಲ್ಲ ಹಲ್ಲಿ. ದವಡೆ ಕೆಟ್ಟಾಗ ಅದನ್ನು ಕಾಯುವುದು ಈ ಗುಣವೇ. ಕೆಳದವಡೆ ಸೊಟ್ಟಗಾಗಿ ಬಾಯಿ ಪೂರ್ತಿ ಮುಚ್ಚದಿದ್ದರೂ, ನಾಲಿಗೆ ಚೆನ್ನಾಗಿ ಆಡುತ್ತಿದ್ದರೆ ವರ್ಷಗಟ್ಟಲೆ ಬದುಕೀತು. ಅಪಾಯ ಬರುವುದು ಎರಡು ಕಡೆಯಿಂದ: ದವಡೆಯನ್ನು ಮೆತ್ತಗೆ ಮಾಡಿದ ಕ್ಯಾಲ್ಸಿಯಂ ಕೊರತೆ ಹಾಗೇ ಮುಂದುವರಿದರೆ ಒಂದು, ಹೇಗಾದರೂ ತಿನ್ನಿಸಬೇಕೆಂದು ನಾವು ಬಾಯಿ ಬಿಡಿಸಲು ಹೋದರೆ ಇನ್ನೊಂದು.

ಇದು ಆಸ್ಟ್ರೇಲಿಯಾದ ಪೂರ್ವಕ್ಕಿರುವ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕಾಡಿನ ಹಲ್ಲಿ. ಅಳಿದೇ ಹೋಯಿತು ಎಂದುಕೊಂಡಿದ್ದಾಗ 1994ರಲ್ಲಿ ಮತ್ತೆ ಕಾಣಿಸಿತು. ಈಗ ಅಮೆರಿಕ, ಯುರೋಪಿನ ಎಷ್ಟೋ ಮನೆಗಳಲ್ಲಿದೆ. ಕಾಡಿನಲ್ಲಿ ಹಣ್ಣು ತಿನ್ನುತ್ತದೆ ಎಂದು ಕೇಳಿದವರು ಬಾಳೆಹಣ್ಣು, ಮಕ್ಕಳ ಹಣ್ಣಿನ ಪ್ಯೂರಿ, ಜೇನುತುಪ್ಪ ಇಷ್ಟರಲ್ಲೇ ಸಾಕಲು ಹೋಗುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ. ಊಟದಲ್ಲಿ ಕ್ಯಾಲ್ಸಿಯಂ ರಂಜಕದ (ಫಾಸ್ಫರಸ್) ಸುಮಾರು ಎರಡರಷ್ಟು ಇರಬೇಕು. ಬಾಳೆಹಣ್ಣಿನಲ್ಲೂ ಕ್ಯಾಲ್ಸಿಯಂ ಪುಡಿ ಸವರದ ಕ್ರಿಕೆಟ್ ಹುಳದಲ್ಲೂ (ಮಿಡತೆಯಂಥ ಹುಳ) ಲೆಕ್ಕ ತಲೆಕೆಳಗು. ಸಾಲದೆ ಬಂದಾಗ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ತುಂಬುತ್ತದೆ. ಕೆಳದವಡೆ ರಬ್ಬರಿನಂತಾಗಿ ಬಾಗುತ್ತದೆ, ಬಾಲ ಅಂಕುಡೊಂಕಾಗುತ್ತದೆ, ಬೆರಳು ನಡುಗುತ್ತವೆ.

ನಡುಕ ಕಂಡ ದಿನವೇ ಸರೀಸೃಪ ನೋಡುವ ಪಶುವೈದ್ಯರ ಬಳಿ ಒಯ್ಯಿರಿ, ನಾಳೆಗೆ ಇಡಬೇಡಿ. ದವಡೆ ಮೆತ್ತಗಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುವುದು ಬೇಡ. ಮೆತ್ತಗಿದ್ದರೆ ಅದೇ ಒತ್ತಿಗೆ ಮುರಿಯಬಹುದು. ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ವಾರಕ್ಕೊಮ್ಮೆ ತೆಗೆದು ಹೋಲಿಸಿ. ಒಂದೇ ಬದಿ ಊದಿದ್ದರೆ, ತುಟಿಯಂಚಿನಲ್ಲಿ ಗಿಣ್ಣಿನ ಚೂರಿನಂಥ ಹಳದಿ ಗಟ್ಟಿ ಕಂಡರೆ ಅದು ಬಾಯಿ ಕೊಳೆತ. ಹಲ್ಲಿಗಳಲ್ಲಿ ಕೀವು ನೀರಾಗಿ ಹರಿಯದೆ ಗಟ್ಟಿಯಾಗೇ ಇರುತ್ತದೆ. ಕೆರೆದು ತೆಗೆಯಬೇಡಿ, ಅರಿಶಿನ ಹಚ್ಚಬೇಡಿ. ಅದಕ್ಕೆ ವೈದ್ಯರು ಕೊಡುವ ಆ್ಯಂಟಿಬಯೋಟಿಕ್ ಬೇಕು.

ಊಟ

ಕ್ರೆಸ್ಟೆಡ್ ಗೆಕೊಗೆಂದೇ ಸಿಗುವ ಪೂರ್ಣಾಹಾರದ ಪುಡಿ ತನ್ನಿ. ಕ್ಯಾಲ್ಸಿಯಂ, ವಿಟಮಿನ್ ಡಿ3 ಅದರಲ್ಲೇ ಇರುತ್ತವೆ. ಒಂದು ಚಮಚ ಪುಡಿಗೆ ಎರಡು ಚಮಚ ಉಗುರುಬೆಚ್ಚಗಿನ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಐದು ನಿಮಿಷ ಬಿಡಿ; ಆಮೇಲೆ ಗಟ್ಟಿಯಾಗುತ್ತದೆ. ದವಡೆ ಸರಿಯಿರುವ ಗೆಕೊಗೆ ಇಡ್ಲಿ ಹಿಟ್ಟಿನ ಹದ ಸಾಕು. ದವಡೆ ಬಾಗಿದ್ದಕ್ಕೆ ಇನ್ನಷ್ಟು ಹನಿ ನೀರು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ತೀರ ನೀರಾದರೆ ಹೊಟ್ಟೆ ತುಂಬಿದಂತೆ ಕಂಡರೂ ಮೈಗೆ ಏನೂ ಹತ್ತುವುದಿಲ್ಲ.

ಬಟ್ಟಲು ಬಾಟಲಿ ಮುಚ್ಚಳದಷ್ಟು ಆಳವಿಲ್ಲದ್ದಾಗಿರಲಿ, ಅಂಚಿನವರೆಗೆ ತುಂಬಿರಲಿ. ಆಳದ ಬಟ್ಟಲಿನ ಅಂಚಿಗೆ ಸೊಟ್ಟ ದವಡೆ ತಾಗಿ ನಾಲಿಗೆ ಊಟಕ್ಕೆ ಎಟುಕುವುದಿಲ್ಲ; ‘ತಿನ್ನುತ್ತಿಲ್ಲ’ ಎಂಬ ದೂರಿಗೆ ಹಲವು ಸಲ ಕಾರಣ ಇಷ್ಟೇ. ಇದು ರಾತ್ರಿ ಓಡಾಡುವ ಪ್ರಾಣಿ, ಹಾಗಾಗಿ ದೀಪ ಆರಿದ ಮೇಲೆ ಇಡಿ. 24 ಗಂಟೆ ಕಳೆದ ಊಟವನ್ನು ಎಸೆಯಿರಿ.

ಎರಡು ಮೂರು ರಾತ್ರಿ ಬಟ್ಟಲು ಮುಟ್ಟದಿದ್ದರೆ ಕೈಯಿಂದ ಕೊಡಬೇಕು. ಸೂಜಿಯಿಲ್ಲದ 1 ಮಿಲೀ ಸಿರಿಂಜ್ ಸಾಕು. ಗೆಕೊ ಟಿಶ್ಯೂ ಹಾಸಿದ ಮೇಜಿನ ಮೇಲೆ ತಾನಾಗಿ ಕೂತಿರಲಿ. ಒಂದೇ ಒಂದು ಹನಿಯನ್ನು ಮೂಗಿನ ತುದಿಗೋ ಮೇಲ್ದುಟಿಯ ಬದಿಗೋ ಸವರಿ, ಕೈ ಹಿಂದೆಗೆದು ಕಾಯಿರಿ. ನಾಲಿಗೆ ಬರುತ್ತದೆ. ನುಂಗಿದ್ದು ಕಂಡ ಮೇಲೆ ಮುಂದಿನ ಹನಿ. 30 ಗ್ರಾಂ ತೂಗುವ ಗೆಕೊಗೆ ಮೊದಲ ದಿನಗಳಲ್ಲಿ ಒಂದು ಹೊತ್ತಿಗೆ ಅರ್ಧ ಮಿಲೀ ಸಾಕು. ಸಿರಿಂಜ್ ತುದಿಯನ್ನು ಹಲ್ಲುಗಳ ನಡುವೆ ತೂರಿಸಬೇಡಿ, ಊಟವನ್ನು ಒಳಕ್ಕೆ ಚಿಮ್ಮಿಸಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇದೆ, ಚಿಮ್ಮಿದ್ದು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ನೆಕ್ಕುವುದನ್ನೇ ಬಿಟ್ಟಿದ್ದರೆ ನಳಿಕೆಯಲ್ಲಿ ಉಣಿಸುವುದು ವೈದ್ಯರ ಕೆಲಸ.

ಊಟವಾದ ಮೇಲೆ ಒದ್ದೆ ಇಯರ್ ಬಡ್‌ನಿಂದ ತುಟಿಯಂಚನ್ನು ಹೊರಗಿನಿಂದಷ್ಟೇ ಒರೆಸಿ. ಮುಚ್ಚದ ಬಾಯಿಯ ಸಂದಿನಲ್ಲಿ ಒಣಗಿದ ಊಟ ಕೂತರೆ ಕೊಳೆತ ಶುರುವಾಗುವುದು ಅಲ್ಲಿಂದಲೇ.

ಹುಳ ಸದ್ಯಕ್ಕೆ ಬೇಡ. ದವಡೆ ಗಟ್ಟಿಯಾಗಿದೆ ಎಂದು ವೈದ್ಯರು ಹೇಳಿದ ಮೇಲೆ, ಗೆಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಚಿಕ್ಕ ಕ್ರಿಕೆಟ್ ಹುಳವನ್ನು ಹಿಂಗಾಲು ತೆಗೆದು, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ, ಇಕ್ಕಳದಲ್ಲಿ ಹಿಡಿದು ಕೊಡಿ. ಉಳಿದ ಹುಳವನ್ನು ಗೂಡಿನಲ್ಲಿ ಬಿಡಬೇಡಿ, ಸುಸ್ತಾದ ಗೆಕೊವನ್ನು ಅವೇ ಕಚ್ಚುತ್ತವೆ.

ಡಿ3 ಇಲ್ಲದೆ ಕರುಳು ಕ್ಯಾಲ್ಸಿಯಂ ಹೀರುವುದಿಲ್ಲ, ಆದರೆ ಡಿ3 ಅತಿಯಾದರೆ ಮೂತ್ರಪಿಂಡ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ. ಮನುಷ್ಯರ ಕ್ಯಾಲ್ಸಿಯಂ ಮಾತ್ರೆ ಅರೆದು ಕೊಡಬಾರದು ಎನ್ನುವುದು ಇದಕ್ಕೇ. ಹೆಚ್ಚುವರಿ ಕ್ಯಾಲ್ಸಿಯಂ ದ್ರಾವಣವನ್ನು ವೈದ್ಯರು ತೂಕ ನೋಡಿ ಬರೆದಷ್ಟೇ ಕೊಡಿ. ಅತಿಯಾಗುವ ಭಯವಿಲ್ಲದೆ ಡಿ3 ಒದಗಿಸುವ ದಾರಿ ನೆರಳಿನ ಸರೀಸೃಪಗಳಿಗೆ ಮಾಡಿದ, ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ (ಯುವಿಬಿ) ಬೀರುವ ಮಂದ ದೀಪ. ಚರ್ಮದಲ್ಲಿ ಬೇಕಾದಷ್ಟೇ ತಯಾರಾಗುತ್ತದೆ. ದೀಪದ ಕೆಳಗೆ ಗಾಜು ಇರಕೂಡದು, ಯುವಿಬಿ ಗಾಜನ್ನು ದಾಟದು. ಕಿಟಕಿಯ ಬಿಸಿಲೂ ಇದೇ ಕಾರಣಕ್ಕೆ ಲೆಕ್ಕಕ್ಕಿಲ್ಲ. ದೀಪದ ಕೊಳವೆ ಬೆಳಗುತ್ತಿದ್ದರೂ ಯುವಿಬಿ ಕುಗ್ಗುತ್ತಾ ಹೋಗುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಿಸಿ. ಅಡಗಿ ಕೂರಲು ಎಲೆಗಳ ಮರೆಯಂತೂ ಇರಲೇಬೇಕು.

ಗೂಡು, ಪೊರೆ, ತೂಕ

ಬಿದ್ದರೆ ಮೂಳೆ ಮುರಿಯುತ್ತದೆ, ಆದ್ದರಿಂದ ಎತ್ತರದ ಕೊಂಬೆಗಳನ್ನು ತೆಗೆದು 15–20 ಸೆಂಟಿಮೀಟರ್ ಒಳಗಿನವನ್ನಷ್ಟೇ ಉಳಿಸಿ. ನೆಲಕ್ಕೆ ಮಣ್ಣು, ತೆಂಗಿನ ನಾರಿನ ಬದಲು ಟಿಶ್ಯೂ ಹಾಸಿ. ಬಾಯಿಗೆ ಏನೂ ಮೆತ್ತದು, ಹಿಕ್ಕೆಯೂ ಕಾಣುತ್ತದೆ. ಈ ಕಾಯಿಲೆಯಲ್ಲಿ ಕರುಳೂ ಮಂದವಾಗುವುದರಿಂದ ಹಿಕ್ಕೆಯ ಮೇಲೆ ಕಣ್ಣಿರಲಿ. ಹಗಲು 24–26 ಡಿಗ್ರಿ ಇರಲಿ. 28 ದಾಟಿದರೆ ಇದಕ್ಕೆ ತಡೆಯದು, ತೀರ ತಂಪಾದರೆ ತಿಂದದ್ದು ಅರಗದು. ಸಂಜೆಯೊಮ್ಮೆ ಬೆಳಗ್ಗೆಯೊಮ್ಮೆ ನೀರು ಸಿಂಪಡಿಸಿ. ತೆರೆದ ಬಾಯಿಯ ಒಸಡು ಬೇಗ ಒಣಗುತ್ತದೆ, ಹನಿ ನೆಕ್ಕಿಯೇ ಅದು ನೀರು ಕುಡಿಯುವುದು.

ಪೊರೆ ಬಿಡುವಾಗ ವಿಶೇಷ ಗಮನ ಬೇಕು. ಗೆಕೊಗಳು ಪೊರೆಯನ್ನು ಬಾಯಿಂದಲೇ ಎಳೆದು ತಿನ್ನುತ್ತವೆ. ದವಡೆ ಹಿಡಿಯದಿದ್ದರೆ ಬೆರಳುಗಳಲ್ಲಿ ಉಂಗುರದಂತೆ ಉಳಿದು, ರಕ್ತ ಓಡದೆ ಬೆರಳೇ ಸಾಯುತ್ತದೆ. ಗಾಳಿಯಾಡುವ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ 20 ನಿಮಿಷ ಕೂರಿಸಿ, ಒದ್ದೆ ಇಯರ್ ಬಡ್‌ನಿಂದ ಬೆರಳ ಬುಡದಿಂದ ತುದಿಯ ಕಡೆಗೆ ಉರುಳಿಸಿ. ಬಾಲ ಹಿಡಿಯಬೇಡಿ, ಕಳಚಿದರೆ ಈ ಜಾತಿಗೆ ಮತ್ತೆ ಬೆಳೆಯುವುದಿಲ್ಲ.

0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಹತ್ತರಲ್ಲೊಂದು ಪಾಲು ಇಳಿದರೆ ವೈದ್ಯರಿಗೆ ತೋರಿಸಿ. ದವಡೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಗಟ್ಟಿಯಾದರೂ ಸೊಟ್ಟ ಹೋಗುವುದಿಲ್ಲ, ಚಪ್ಪಟೆ ಬಟ್ಟಲು ಕಾಯಂ. ಹೆಣ್ಣಾಗಿದ್ದರೆ ಗಂಡಿನ ಜೊತೆ ಬಿಡಬೇಡಿ. ಒಂದೊಂದು ಸಲಕ್ಕೆ ಎರಡರಂತೆ ಇಡುವ ಮೊಟ್ಟೆಗಳ ಚಿಪ್ಪಿಗೂ ಕ್ಯಾಲ್ಸಿಯಂ ಹೋಗುವುದು ಅದೇ ಮೂಳೆಗಳಿಂದ.